ಜಾಮೀನುದಾರ

‘ಈ ಸಾಲ ಯಾರದು?’

ನೇಮಕಾತಿ ನೋಡಿಕೊಳ್ಳುವ ಹರ್ಷಿತಾ ಪರದೆಯನ್ನು ಅವನ ಕಡೆ ತಿರುಗಿಸಲಿಲ್ಲ. ಅಮರೇಶನಿಗೆ ಕಂಡದ್ದು ಅವಳ ಕನ್ನಡಕದಲ್ಲಿ ಮೂಡಿದ ಬಿಳಿ ಚೌಕ ಮಾತ್ರ. ದನಕುರಿ ಮೇಯುತ್ತಿದ್ದ ಕಾವಲಿನಲ್ಲಿ ಎದ್ದ ಸಂಶೋಧನಾ ಕ್ಯಾಂಪಸ್ಸಿಗೆ ಉಪಕರಣ ಒದಗಿಸುವ ಕಂಪನಿ, ಚಳ್ಳಕೆರೆಯಲ್ಲಿ ಆಫೀಸು. ಸಂದರ್ಶನದಲ್ಲಿ ಅವನ ಎಂ.ಎಸ್ಸಿ. ಎಲ್ಲರಿಗೂ ಹಿಡಿಸಿತ್ತು. ಸಾಲದ ಚರಿತ್ರೆ ನೋಡಬಹುದೆಂದು ಬೆಳಿಗ್ಗೆ ಅವನೇ ಸಹಿ ಹಾಕಿದ್ದ.

‘ಏನೇನು ಕಾಣುತ್ತೆ ಮೇಡಂ, ಅದರಲ್ಲಿ?’

‘ಸಾಲ, ಕಂತು, ತಪ್ಪಿದ ತಿಂಗಳು, ಹಳೇ ವಿಳಾಸ. ಬ್ಯಾಂಕಲ್ಲಿ ಎಷ್ಟಿದೆ ಅನ್ನೋದು ಕಾಣಲ್ಲ, ಹೆದರಬೇಡಿ.’ ನಕ್ಕಳು. ‘ಬೈಕ್ ಸಾಲಕ್ಕೆ ನೀವು ಜಾಮೀನುದಾರರು. ಮೊದಮೊದಲು ಸರಿಯಾಗಿ ಕಟ್ಟಿದ್ದಾರೆ. ಆಮೇಲೆ ಪೂರ್ತಿ ನಿಂತಿದೆ.’

ನಿಂತದ್ದು, ಅವನೇ ಜಾಮೀನು ಹಾಕಿದ್ದ ಗೆಳೆಯ ಎರ್ರಿಸ್ವಾಮಿ ಲಾರಿಗೆ ಸಿಕ್ಕಿ ಸತ್ತ ತಿಂಗಳು. ಅದು ಕಾಣುವುದಿಲ್ಲ. ಅಮರೇಶ ಕಾಲೇಜಿನ ಲ್ಯಾಬಿನಲ್ಲಿ ಕೆಲಸಕ್ಕಿದ್ದಷ್ಟು ಕಾಲವೂ ದಿನಾ ಅವನನ್ನು ಅದೇ ಬೈಕಿನಲ್ಲಿ ಅಲ್ಲಿಗೆ ಬಿಟ್ಟು, ‘ಗಟ್ಟಿಯಾಗಿ ಹಿಡ್ಕಳಲೇ’ ಎನ್ನುತ್ತಿದ್ದುದೂ ಕಾಣುವುದಿಲ್ಲ.

‘ನನಗೆ ಗೊತ್ತಿಲ್ಲ. ಯಾರೋ ನನ್ನ ಆಧಾರ್ ಕಾಪಿ ಬಳಸಿಕೊಂಡಿರಬೇಕು.’

‘ಯಾರ ಮೇಲಾದರೂ ಅನುಮಾನ?’

ಇಲ್ಲ ಎನ್ನಬಹುದಿತ್ತು.

‘ನಮ್ಮೂರಲ್ಲಿ ಎರ್ರಿಸ್ವಾಮಿ ಅಂತ ಒಬ್ಬನಿದ್ದ.’

ಮಾತು ಇಷ್ಟು ಸಲೀಸಾಗಿ ಹೊರಟಿದ್ದು ಅವನಿಗೇ ಆಶ್ಚರ್ಯ.

‘ಬರೆದು ಕೊಡಿ. ಮೋಸ ಆಗಿದ್ದರೆ ನಿಮ್ಮ ತಪ್ಪಲ್ಲವಲ್ಲ.’

ಬರೆದ. ‘ವಂಚಿಸಿರುತ್ತಾನೆ’ ಎಂಬಲ್ಲಿ ಪೆನ್ನು ತಡವರಿಸಲಿಲ್ಲ. ಕಾಗುಣಿತ ಸರಿಯಿದೆಯೇ ಎಂದು ಮಾತ್ರ ಇನ್ನೊಮ್ಮೆ ನೋಡಿದ.

‘ಸೋಮವಾರ ಬಂದು ಸೇರಿಕೊಳ್ಳಿ.’

ಊರಿಗೆ ಮರಳುವ ದೊಡ್ಡಉಳ್ಳಾರ್ತಿಯ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತವಳು ಎರ್ರಿಸ್ವಾಮಿಯ ತಾಯಿ ಕೊಲ್ಲಾಪುರಮ್ಮ.

‘ಕೆಲ್ಸ ಆತೇನಪ್ಪ?’

‘ಆತವ್ವ.’

‘ನಮ್ಮ ಎರ್ರಿ ಇದ್ದಿದ್ರೆ ಊರಿಗೆಲ್ಲ ಹೇಳ್ಕಂಡು ಬರ್ತಿದ್ದ.’ ಚೀಲದಿಂದ ಮಂಡಕ್ಕಿ ತೆಗೆದು ಅವನ ಬೊಗಸೆಗೆ ಸುರಿದಳು. ‘ತಿನ್ನು, ಮುಖ ಬಾಡೈತೆ.’

ತಿಂದ. ನಿಜವಾಗಿಯೂ ಹಸಿವಾಗಿತ್ತು.

ಸ್ವಲ್ಪ ಹೊತ್ತಿನ ಮೇಲೆ ಅವಳು ದನಿ ತಗ್ಗಿಸಿದಳು. ‘ಆ ಗಾಡಿ ಸಾಲದೋರು ನಿನ್ನ ಕಾಡ್ತಾರೇನಪ್ಪ?’

‘ಯಾವ ಗಾಡಿ?’

ಬಾಯಿಂದ ಬಂದುಬಿಟ್ಟಿತು. ಅವಳು ಅವನನ್ನೇ ನೋಡಿದಳು. ಚೀಲದ ಬಾಯಿಗೆ ದಾರ ಸುತ್ತಿ, ಎದ್ದು ಹೋಗಿ ಮುಂದಿನ ಸೀಟಿನಲ್ಲಿ ಕೂತಳು.

ಕಾವಲಿನ ಹೊಸ ಗೋಡೆಯ ಬಳಿ ಬಸ್ಸು ನಿಂತಿತು. ರಸ್ತೆ ತುಂಬ ಕುರಿಗಳು. ಕಂಡಕ್ಟರ್ ಬೈದ, ಡ್ರೈವರ್ ಹಾರನ್ ಒತ್ತಿದ, ಅವು ಕದಲಲಿಲ್ಲ. ಸುತ್ತ ಒಂದು ಮರವಿರಲಿಲ್ಲ. ನೆತ್ತಿಯ ಬಿಸಿಲಿಗೆ ಒಂದರ ತಲೆ ಇನ್ನೊಂದರ ಹೊಟ್ಟೆಯಡಿ, ಅದರ ತಲೆ ಮತ್ತೊಂದರ ಹೊಟ್ಟೆಯಡಿ. ಅಷ್ಟು ದೊಡ್ಡ ಮಂದೆಯಲ್ಲಿ ಒಂದಕ್ಕೂ ಮುಖವಿರಲಿಲ್ಲ.