ಅಮಾಸಿ ದಿನ ಸಾಯದ ಕಂಪ್ಯೂಟರ್

ಒಂದ ಲಕ್ಷ ಹದಿನೆಂಟ ಸಾವಿರ ಕೊಟ್ಟು ತಂದ ಕಂಪ್ಯೂಟರ್ ಅದು. ಬನಹಟ್ಟಿಗೆ ಬಂದ ನಾಕನೇ ದಿನಕ್ಕ, ಹಚ್ಚಿದ ದಿನಾನ, ಸತ್ತಿತು. ಸತ್ತಿತು ಅಂದ್ರ ಪೂರಾ ಸಾಯಲಿಲ್ಲ. ಸತ್ತಿದ್ರ ಒಮ್ಮೆ ಅತ್ತು ಮಣ್ಣ ಮಾಡಿ ಸುಮ್ಮನಾಗಬಹುದಿತ್ತು. ಪರದಿ ಫಕ್ಕನ ಕಪ್ಪಾಗಿ, ಒಂದ ಉಸರ ಬಿಟ್ಟು, ತಾನ ಎದ್ದು ಮತ್ತ ಚಾಲೂ ಆಗೂದು. ಎದ್ದ ಮ್ಯಾಲೆ ಇಂಗ್ಲೀಷಿನ್ಯಾಗ ಬರಿಯೂದು, ನನ್ನ ಸರಿಯಾಗಿ ಬಂದ್ ಮಾಡಿಲ್ಲ ಅಂತ. ಸಾವಕ್ಕಗ ಹೊಟ್ಟಿ ಉರಿತಿದ್ದದ್ದು ಆ ಮಾತಿಗೆ. ಮೂರ ತಾಸ ಕುಂತು ಪರದಿ ಮ್ಯಾಲೆ ಕೂಡಿಸಿದ ಸೀರಿ ಸೆರಗಿನ ಹೂವೆಲ್ಲಾ ನುಂಗಿ ನೀರ ಕುಡದು, ತಪ್ಪು ಮಾತ್ರ ಆಕೀದ ಅಂತ ಹೇಳೂದಂದ್ರ ಏನು? ಐದ ಮಿನಿಟಿಗೊಮ್ಮೆ ಉಳಿಸಿ ಇಡತಿದ್ಲು. ಉಳಿಸೂ ಹೊತ್ತಿನ್ಯಾಗ ಸತ್ತು, ಇದ್ದ ಫೈಲನ್ನೂ ಕೆಡಸಿ ಇಡತಿತ್ತು. ಸುಟ್ಟ ಬರಲಿ ಇದರ ನಾಲಿಗಿ, ಅಂತ ಆಕಿ ಹಲ್ಲ ಕಡೀತಿದ್ಲು.

ಸಾವಕ್ಕ ಕಾರಖಾನಿ ಮಾಲಕ ಶಿವಯೋಗೆಪ್ಪನ ತಂಗಿ. ಬೀಳಗಿಗೆ ಕೊಟ್ಟಿದ್ರು, ಎರಡ ವರ್ಷಕ್ಕ ಹೊಳ್ಳಿ ಬಂದ್ಲು. ಬಂದ ಮರುದಿನಾನ ಗ್ರಾಫ್ ಕಾಗದ ಹಾಸಿಕೊಂಡು ಕುಂತಾಕಿ, ಹನ್ನೆರಡ ವರ್ಷ ಸೀರಿ ದಡಿ, ಸೆರಗು ಬರದ್ಲು. ಆಕಿ ತುಂಬಿದ ಚೌಕ ನೋಡಿ ರಟ್ಟಿನ ಕಾರ್ಡಿಗೆ ತೂತ ಹೊಡೀತಿದ್ರು, ಆ ಕಾರ್ಡ್ ಮಗ್ಗಕ್ಕ ಏರಿ ಸೀರಿ ಆಗಿ ಇಳೀತಿತ್ತು. ಆ ಮನ್ಯಾಗ ಆಕಿ ಉಣ್ಣೂದು ಹಂಗಿನ ರೊಟ್ಟಿ ಅಲ್ಲ ಅನ್ನೂದು ಎಲ್ಲಾರಿಗೂ ಗೊತ್ತಿತ್ತು, ಅಣ್ಣನ ಹೆಂಡತಿ ಪದ್ಮವ್ವಗೂ ಗೊತ್ತಿತ್ತು. ಇಚಲಕರಂಜಿಯವರು ಕಂಪ್ಯೂಟರಿನ್ಯಾಗ ನಾಕ ದಿನದಾಗ ಒಂದ ಸೆರಗು ತಗೀತಾರ ಅಂತ ಸುದ್ದಿ ಬಂದಾಗ, ಸಾವಕ್ಕ ಅಲ್ಲಿ ಅಪ್ಪನ ತಂಗಿ ಮನ್ಯಾಗ ಒಂದ ತಿಂಗಳ ಇದ್ದು ಕಲತ ಬಂದ್ಲು. ಆಕಿ ಕಲತದ್ದಕ್ಕನ ಅಣ್ಣ ಮಷೀನ್ ತಂದ.

ತಂದ ದಿನಾನ ಮಾತಿಗೆ ಮಾತ ಹತ್ತಿತು. ಪಡಸಾಲ್ಯಾಗ ಇಡೂಣು, ಅಲ್ಲಿ ಧೂಳ ಕಡಿಮಿ ಅಂದ್ಲು ಸಾವಕ್ಕ. ಶಿವಯೋಗೆಪ್ಪ ಕೇಳಬೇಕಲ್ಲ! ದುಡಿಯೂ ಸಾಮಾನು ಮಗ್ಗದ ಜೋಡಿನ ಇರಬೇಕು, ಪಡಸಾಲ್ಯಾಗ ಕುಂಡ್ರಾಕ ಅದೇನ ಬೀಗರೇನು ಅಂದ. ಕಾರಖಾನಿ ಮೂಲ್ಯಾಗ ಅಜ್ಜನ ಕಾಲದ ಕೈಮಗ್ಗ ಒಂದ ಇತ್ತು, ಅದಕ್ಕ ದಿನಾ ವಿಭೂತಿ, ಊದಿನಕಡ್ಡಿ. ಅದರ ಬಾಜೂಕ ಗಾಜಿನ ಖೋಲಿ ಕಟ್ಟಿಸಿದ. ಕಂಪ್ಯೂಟರಿಗೂ ವಿಭೂತಿ ಬಳದು, ಕಾಯಿ ಒಡಸಿ, ಮಗ್ಗಕ್ಕ ಬರೂ ಲೈನಿನಿಂದನ, ಮಗ್ಗದ ಮೇನ್ ಸ್ವಿಚ್ಚಿಗಿಂತ ಮದಲ, ಅದಕ್ಕೂ ವಾಯರ್ ಎಳಸಿದ. ಮನಿಗೆ ಬ್ಯಾರೆ ಲೈನ್ ಇತ್ತು, ಬ್ಯಾರೆ ಮೀಟರ್ ಇತ್ತು. ಆದ್ರ ಮಗ್ಗ ಉಣ್ಣೂದನ್ನ ಇದೂ ಉಣ್ಣಲಿ, ಒಂದ ತಾಯಿ ಮಕ್ಕಳ ಹಂಗ ಇರಲಿ ಅನ್ನೂದು ಆಂವನ ವಿಚಾರ. ನಡಬರಕ ಅಂಗಡ್ಯಾವ್ರು ಕೊಟ್ಟ ಸ್ಟೆಬಿಲೈಜರ್ ಒಂದ ಇತ್ತು, ಫ್ರಿಜ್ಜಿಗೆ ಇಡತಾರಲ್ಲ ಅಂಥಾದ್ದು.

ದಿನಕ್ಕ ಮೂರ ಸಲ, ನಾಕ ಸಲ ಸಾಯಾಕತ್ತಿತು. ಶಿವಯೋಗೆಪ್ಪ ಫೋನ್ ಹಿಡದು ಹುಬ್ಬಳ್ಳಿ ಅಂಗಡ್ಯಾವ್ರಿಗೆ ಬಾಯಿಗೆ ಬಂದಂಗ ಬೈದ. ಅವರು ಇಂಜಿನಿಯರ್ ಕಳಸತೇವಿ, ಯಾವಾಗ ಬರಲಿ ಅಂದ್ರು. ಅಮಾಸಿ ದಿನ ಬರ್ರಿ ಅಂದ ಈಂವ. ನಮ್ಮ ಕಡೆ ಅಮಾಸಿಗೆ ಮಗ್ಗ ತಿರಗಂಗಿಲ್ಲ. ನೇಕಾರರಿಗೆ ಅದ ಸೂಟಿ, ಅದ ಪೂಜಿ, ಮನ್ಯಾಗ ಹೋಳಿಗಿ. ಉಳಿದ ದಿನ ಇಪ್ಪತ್ನಾಕ ಮಗ್ಗದ ಸದ್ದಿನ್ಯಾಗ ಒಬ್ಬರ ಮಾತ ಒಬ್ಬರಿಗೆ ಕೇಳಂಗಿಲ್ಲ. ದೂರದಿಂದ ಬಂದಾವ್ರನ್ನ ಆರಾಮ ಕುಂಡ್ರಿಸಿ, ಉಣಿಸಿ ಕಳಸಬೇಕು ಅನ್ನೂದು ಆ ಮನಿ ಪದ್ಧತಿ.

ಇಂಜಿನಿಯರ್ ಹೆಸರ ವೃಷಭ. ಇಸ್ತ್ರಿ ಅಂಗಿ, ಗಡಿಬಿಡಿ ಮಾತು. ಬಂದು ಕಂಪ್ಯೂಟರ್ ಹಚ್ಚಿದ. ಮುಂಜಾನೆ ಹತ್ತರಿಂದ ಸಂಜಿ ಐದರ ತನಕ ಅದು ಗಂಡನ ಮನಿಗೆ ಬಂದ ಹೊಸ ಸೊಸಿ ಹಂಗ ತಲಿ ಬಗ್ಗಿಸಿ ನಡೀತು. ಒಮ್ಮಿನೂ ಸಾಯಲಿಲ್ಲ. ಯಾರ ಇದನ್ನ ನಡಸಾವ್ರು ಅಂತ ಕೇಳಿದ. ಶಿವಯೋಗೆಪ್ಪ ಬಾಗಲದಾಗ ಸಟ್ಟುಗ ಹಿಡಕೊಂಡ ನಿಂತಿದ್ದ ತಂಗಿ ಕಡೆ ಬಟ್ಟ ಮಾಡಿ ತೋರಿಸಿದ. ವೃಷಭ ನಕ್ಕ. ಅಕ್ಕಾರು ಏನರ ಒತ್ತಬಾರದ್ದ ಒತ್ತತಾರ್ರಿ ಅಂದ. ಹಾಳಿ ತಗದು ಇಂಗ್ಲೀಷಿನ್ಯಾಗ ಬರದು ಸಹಿ ಹಾಕಿಸಿಕೊಂಡ. ಸಾವಕ್ಕ ಹತ್ತನೇತ್ತಾ ಪಾಸಾದಾಕಿ. ಆ ಹಾಳಿ ಓದಿದ್ಲು: ಮಷೀನ್ ಸರಿ ಐತಿ, ತಪ್ಪು ನಡಸಾವ್ರದು. ಆಕಿ ಮುಖಕ್ಕ ರಪ್ಪಂತ ಹೊಡದಂಗ ಆತು.

ಮರುದಿನ ಮುಂಜಾನೆ ಎಂಟೂವರಿ ಆಗಿರಲಿಲ್ಲ, ಮತ್ತ ಸತ್ತಿತು.

ಮುಂದಿನ ಅಮಾಸಿಗೆ ಮತ್ತ ಬಂದ, ಅದರ ಮುಂದಿನ ಅಮಾಸಿಗೂ ಬಂದ. ಮೂರೂ ಸಲ ಮಷೀನ್ ಸುಳ್ಳ ಹೇಳಿತು, ಮೂರೂ ಸಲ ಆಂವ ಹೋಳಿಗಿ ಉಂಡು ಅದ ಒಂದ ಸಾಲ ಬರದ ಹೋದ. ಆಕಿ ಬಡಿಸಿದ ಹೋಳಿಗಿನ ಉಂಡು ಆಕಿ ಮ್ಯಾಲೇ ಬರೀತಿದ್ದ, ನಾಚಿಗಿ ಇಲ್ಲದಾಂವ. ಮೂರನೇ ಸಲ ಆಂವ ಹೋದ ಮ್ಯಾಲೆ ಪದ್ಮವ್ವ ತನ್ನ ತಮ್ಮ ಬಾಳೂನ ಮಾತ ತಗದ್ಲು. ಜಮಖಂಡ್ಯಾಗ ಆರ ತಿಂಗಳ ಕಂಪ್ಯೂಟರ್ ಕ್ಲಾಸ್ ಮುಗಿಸಿ ಸರ್ಟಿಫಿಕೇಟ್ ತಂದಾನ, ಮನ್ಯಾಗ ಖಾಲಿ ಕುಂತಾನ ಅಂದ್ಲು. ಶಿವಯೋಗೆಪ್ಪ ಉಣ್ಣಾಕ ಕುಂತಲ್ಲಿಂದನ ತಂಗಿಗೆ ಹೇಳಿದ. ಬರೂ ಅಮಾಸಿಗೆ ಕಡೀ ಸಲ ಇಂಜಿನಿಯರ್ ಬರತಾನ, ಆವತ್ತೂ ಮಷೀನಿಂದು ತಪ್ಪಿಲ್ಲ ಅಂತ ಆದ್ರ ಕುರ್ಚಿ ಬಾಳೂಗ, ನೀ ಅಡಗಿಮನಿ ನೋಡ್ಕೊ. ಗ್ರಾಫಿನ ಕಾಲ ಮುಗದೈತಿ ಅಂತ ಬ್ಯಾರೆ ಹೇಳಿದ. ಸಾವಕ್ಕ ಸಾರ ಬಡಿಸಿದ್ಲು.

ಮರುದಿನದಿಂದ ಆಕಿ ಮಷೀನ್ ಸತ್ತ ಹೊತ್ತನ್ನ ಒಂದ ಕಾಗದದ ಮ್ಯಾಲೆ ಬರದ ಇಡಾಕ ಹತ್ತಿದ್ಲು. ಹದಿನೈದ ದಿನದ ಮ್ಯಾಲೆ ಕಾಗದ ನೋಡಿದ್ರ ಎಂಟು, ಹತ್ತೂವರಿ, ಎರಡು, ನಾಕೂವರಿ, ಅದರ ಆಸುಪಾಸನ. ಇದೇನ ಮಷೀನೋ, ಹೊತ್ತಿಗೆ ಸರಿಯಾಗಿ ಬರೂ ಸಾಲಿ ಮಾಸ್ತರೋ ಅಂತ ಆಕಿಗೆ ಸಿಟ್ಟ ಬಂತು. ಒಂದ ದಿನ ಎರಡಕ್ಕ ಐದ ಮಿನಿಟ್ ಇದ್ದಾಗ ಗಾಜಿನಾಚಿ ನೋಡಿದ್ಲು. ಮಗ್ಗ ನೋಡಿಕೊಳ್ಳೂ ಜಾಬರ್ ರಾಮಲಿಂಗಪ್ಪ ಬಾಗಲ ಕಡೆ ಕರೆಂಟ್ ಬೋರ್ಡಿನ ಹತ್ರ ನಿಂತಿದ್ದ. ಊಟಕ್ಕ ಬಿಟ್ಟಾಗ ಆಂವ ಇಪ್ಪತ್ನಾಕ ಮಗ್ಗದ ಸ್ವಿಚ್ ಒಂದೊಂದ ಆರಸತಿರಲಿಲ್ಲ. ಮಗ್ಗದ ಮೇನ್ ಒಂದನ್ನ ಕೆಳಗ ಎಳೀತಿದ್ದ. ಮಂದಿ ಹೊಳ್ಳಿ ಬಂದ ಮ್ಯಾಲೆ ಅದ ಒಂದನ್ನ ಮ್ಯಾಲೆ ಎತ್ತತಿದ್ದ. ಆಗ ಎತ್ತಿದ. ಇಪ್ಪತ್ನಾಕ ಮೋಟಾರ್ ಒಮ್ಮೆಲೇ ಗರ್ ಅಂದು, ತಲಿ ಮ್ಯಾಲಿನ ಬಲ್ಬ್ ಕುಗ್ಗಿ, ಆಕಿ ಮುಂದಿನ ಪರದಿ ಕಪ್ಪಾತು.

ಹಂಗಾದ್ರ ಅಮಾಸಿ ದಿನ ಇದು ಯಾಕ ಸಾಯತದ? ಮಗ್ಗನ ತಿರಗದ ದಿನ ಕರದು, ನೋಡ್ರಿ ಏನಾಗೇತಿ ಅಂದ್ರ ಆ ವೃಷಭಗ ಏನ ಕಾಣಬೇಕು? ಆಕಿ ಎದ್ದ ಓಡಿ ಅಣ್ಣನ ಕರಕೊಂಡ ಬಂದ್ಲು, ಮಗ್ಗ ಒಮ್ಮೆ ಆರಿಸಿ ಹಚ್ಚಸು ಅಂದ್ಲು. ಅಲ್ಲೇ ಎಡವಿದ್ಲು. ಹ್ವಾದ ವರ್ಷ ಹಂಗ ಒಮ್ಮೆಲೇ ಮೇನ್ ಎತ್ತಿ ಎರಡ ಮೋಟಾರ್ ಸುಟ್ಟಿದ್ದವು, ಇನ್ನ ಹಿಂಗ ಮಾಡಿದ್ರ ಮನಿಗೆ ಕಳಸತೇನಿ ಅಂತ ಶಿವಯೋಗೆಪ್ಪ ರಾಮಲಿಂಗಪ್ಪಗ ತಾಕೀತ ಮಾಡಿದ್ದ. ಈಗ ಮಾಲಕ ಎದರಿಗೆ ನಿಂತಾನ. ರಾಮಲಿಂಗಪ್ಪ ಎಲ್ಲಾ ಸ್ವಿಚ್ ಆರಿಸಿ, ಮೇನ್ ಇಳಿಸಿ, ಮತ್ತ ಎತ್ತಿ, ಒಂದೊಂದ ಮಗ್ಗದ ಮುಂದ ನಿಂತು, ಒಂದೊಂದ ಸ್ವಿಚ್ ಹಾಕಿದ. ಮಷೀನ್ ಕಣ್ಣ ಸುದ್ದಾ ಮಿಟುಕಿಸಲಿಲ್ಲ.

ಅಣ್ಣಗ ಸಿಟ್ಟ ನೆತ್ತಿಗೇರಿತು. ಮೂರ ತಲಿಮಾರಿಗೆ ಅನ್ನ ಹಾಕಿದ ಮಗ್ಗದ ಮ್ಯಾಲೆ ತಪ್ಪ ಹೊರಸತಿ, ಬಾಯಾಗ ಹುಳ ಬೀಳತಾವ ಅಂದ. ನೇಕಾರರೆಲ್ಲಾ ಕೇಳಿದ್ರು. ಆಂವ ಹೋದ ಮ್ಯಾಲೆ ಸಾವಕ್ಕ ರಾಮಲಿಂಗಪ್ಪನ ಹತ್ರ ಹೋಗಿ, ಇದ್ದದ್ದ ಇದ್ದಂಗ ಹೇಳ್ರಿ ಕಾಕಾ ಅಂದ್ಲು. ಮುದುಕ ಕೈ ಮುಗದ. ಇಬ್ಬರ ಹೆಣ್ಣ ಮಕ್ಕಳ ಮದಿವಿ ಉಳದಾವ ತಂಗಿ, ನನ್ನ ಹೊಟ್ಟಿ ಮ್ಯಾಲೆ ಹೊಡೀಬ್ಯಾಡ ಅಂದ. ಹೊಟ್ಟಿ ಇರೂದು ಈಂವಗ ಒಬ್ಬಗೇನು ಅಂತ ಆಕಿಗೆ ಅನಿಸ್ತು. ಅಂದ್ರೂ ಆಂವನ ಹೆಸರ ಹೇಳಲಿಲ್ಲ.

ನಾಕನೇ ಅಮಾಸಿ ಬಂತು. ಮುಂಜಾನೆ ಮಗ್ಗಕ್ಕೆಲ್ಲಾ ಕುಂಕುಮ ಹಚ್ಚಿ ಹೂವ ಏರಿಸಿದ್ರು. ವೃಷಭ ಬಂದ, ಮಷೀನ್ ಹಚ್ಚಿದ, ಉಂಡ, ತೇಗಿದ. ಗಾಜಿನ ಖೋಲ್ಯಾಗ ಶಿವಯೋಗೆಪ್ಪ, ಪದ್ಮವ್ವ, ಹೊಸಾ ಅಂಗಿ ಹಾಕ್ಕೊಂಡ ಬಾಳು ನಿಂತಿದ್ರು. ರಾಮಲಿಂಗಪ್ಪ ಕೈಮಗ್ಗದ ಮುಂದ ಪ್ರಸಾದ ಹಂಚಾಕತ್ತಿದ್ದ. ನಾಕೂವರಿ ದಾಟಿತು, ಮಷೀನ್ ಸಾಯಲಿಲ್ಲ. ವೃಷಭ ಹಾಳಿ ತಗದು ಪೆನ್ನಿನ ಟೊಪಗಿ ತಗದ.

"ಇನ್ನ ಬರೀಬ್ಯಾಡ್ರಿ," ಅಂದ್ಲು ಸಾವಕ್ಕ. "ಎರಡ ಮಿನಿಟ್ ಪರದಿ ಮ್ಯಾಲಿನ ಕಣ್ಣ ತಗೀಬ್ಯಾಡ್ರಿ."

ಹೇಳಿ ಹೊರಗ ನಡದ್ಲು. ಮಗ್ಗದ ಸಾಲ ದಾಟಿ ಬಾಗಲ ಕಡೆ ಹೊಂಟಾಗ ರಾಮಲಿಂಗಪ್ಪಗ ತಿಳೀತು. ಪ್ರಸಾದದ ತಾಟ ಅಲ್ಲೇ ಇಟ್ಟು, ತಂಗಿ ಬ್ಯಾಡ, ಇವತ್ತ ಬ್ಯಾಡ ಅಂತ ಬೆನ್ನ ಹತ್ತಿದ. ಹುಟ್ಟಿದಾಗಿಂದ ಅಮಾಸಿ ದಿನ ಆ ಕಾರಖಾನ್ಯಾಗ ಒಂದ ಎಳಿ ಹರದಿದ್ದು, ಒಂದ ಲಾಳಿ ಅಲುಗಿದ್ದು ಆಕಿ ನೋಡಿರಲಿಲ್ಲ. ಹೆದರಿಕಿ ಆತು, ಖರೆ ಹೇಳಬೇಕು. ಆದ್ರ ಆ ಹಾಳಿ ಮ್ಯಾಲಿನ ಒಂದ ಸಾಲ ನೆನಪಾಗಿ ಹೆದರಿಕಿಗಿಂತ ಸಿಟ್ಟ ದೊಡ್ಡದಾತು. ಎರಡೂ ಕೈಲೆ ಮೇನ್ ಹಿಡದು ಮ್ಯಾಲೆ ಎತ್ತಿದ್ಲು.

ಮಗ್ಗದ ಮ್ಯಾಲಿನ ಹೂವ ಉದರಿದವು. ಇಪ್ಪತ್ನಾಕ ಮೋಟಾರ್ ಗರ್ ಅಂದವು. ಖೋಲ್ಯಾಗ ಮಷೀನ್ ಒಂದ ಉಸರ ಬಿಟ್ಟು ಸತ್ತಿತು.

ಆಕಿ ಮೇನ್ ಕೆಳಗ ಎಳದ್ಲು, ಮಷೀನ್ ಎದ್ದು ತನ್ನ ಹಳೇ ಮಾತ ಬರದ ಕೂಡ್ಲೇ ಮತ್ತ ಎತ್ತಿದ್ಲು. ಮತ್ತ ಸತ್ತಿತು. ಮೂರನೇ ಸಲ ಎತ್ತಾಕ ಹೋದಾಗ ಶಿವಯೋಗೆಪ್ಪ ಬಂದು ಕೈ ಹಿಡದ.

ವೃಷಭ ಹಣಿ ಒರಸಿಕೊಂಡ. ತಪ್ಪಾತು ಅಂತ ಒಂದ ಮಾತ ಅನ್ನಲಿಲ್ಲ. ಮದಲ ಹೇಳಬೇಕಿಲ್ರಿ ಅಕ್ಕಾರ ಅಂದ, ನಾಕ ತಿಂಗಳ ಬಾಯಿ ಮುಚ್ಕೊಂಡ ಕುಂತಿದ್ದು ಆಕೀನ ಅನ್ನೂ ಹಂಗ. ಇದು ವೋಲ್ಟೇಜಿಂದು, ಮನಿ ಲೈನಿಗೆ ಒಯ್ದ ಇಡ್ರಿ, ಅಷ್ಟ ಅಂದ. ಹತ್ತ ಮಿನಿಟಿನ್ಯಾಗ ಬಾಳು, ಆಂವ ಕೂಡಿ ಮಷೀನ್ ಪಡಸಾಲಿಗೆ ಹೊತ್ತ ಒಯ್ದ್ರು. ವೃಷಭ ಹೊಸಾ ಹಾಳಿ ಬರದ, ಅದರಾಗ ನಡಸಾವ್ರ ಮಾತ ಇರಲಿಲ್ಲ. ಮಗ್ಗದ ಸ್ವಿಚ್ ಎಲ್ಲಾ ಹಂಗ ಹಚ್ಚಿ ಯಾರ ಬಿಟ್ಟಿದ್ರು ಅಂತ ಯಾರೂ ಕೇಳಲಿಲ್ಲ. ಕೇಳಾಕ ಪುರಸೊತ್ತ ಎಲ್ಲಿತ್ತು? ಅಮಾಸಿ ದಿನ ಮಗ್ಗ ತಿರಗಿಸಿದಾಕಿ ಎದರಿಗೇ ನಿಂತಿದ್ಲು. ಓಣಿ ಮಂದಿ ಸದ್ದ ಕೇಳಿ ಬಾಗಲಕ್ಕ ಬಂದು ಹಣಿಕಿ ಹಾಕಾಕತ್ತಿದ್ರು.

ಶಿವಯೋಗೆಪ್ಪ ಗಟ್ಟಿ ದನಿ ತಗೀಲಿಲ್ಲ. ಆಂವ ಗಟ್ಟಿ ಬೈದಿದ್ರ ಆಕಿಗೆ ಹಗರ ಆಗತಿತ್ತು.

"ಅಜ್ಜನ ಮಗ್ಗಕ್ಕ ಹಣಿ ಹಚ್ಚು. ಎಲ್ಲಾರ ಮುಂದ ತಪ್ಪಾತು ಅನ್ನು. ನಾಳಿಂದ ಕುರ್ಚಿ ನಿಂದ."

ಆ ಮಾತ ನಾಲಿಗಿ ತುದಿತನ ಬಂದಿತ್ತು ಆಕಿಗೆ. ಎರಡ ಶಬ್ದ, ಒಂದ ಸಲ ಬಗ್ಗೂದು, ಮುಗೀತು. ಮಗ್ಗದ ಮ್ಯಾಲೆ ಆಕಿಗೇನ ಸಿಟ್ಟಿರಲಿಲ್ಲ, ಆ ಕೈಮಗ್ಗಕ್ಕ ದಿನಾ ಹಣಿ ಹಚ್ಚಾಕೀನ ಆಕಿ. ಆದ್ರ ಬಾಗಲದಾಗ ನಿಂತ ಮಂದಿ ಮುಖ ನೋಡಿದ್ಲು, ವೈನಿ ಪದ್ಮವ್ವನ ಮುಖ ನೋಡಿದ್ಲು, ಕೆಳಗ ಮುಖ ಹಾಕಿದ ರಾಮಲಿಂಗಪ್ಪನ ನೋಡಿದ್ಲು.

"ನಾಕ ತಿಂಗಳ ತಪ್ಪ ನಂದಲ್ಲ ಅಂದೆ, ಅಣ್ಣಾ. ಒಬ್ಬರೂ ಕೇಳಲಿಲ್ಲ. ಈಗ ತಪ್ಪಾತು ಅಂದ್ರ ಅದೊಂದನ್ನ ಎಲ್ಲಾರೂ ಕೇಳತೀರಿ, ಅದನ್ನ ನೆನಪ ಇಡತೀರಿ. ನಾ ಅನ್ನಂಗಿಲ್ಲ."

ಅನ್ನಲಿಲ್ಲ.

ಮರುದಿನ ಎಂಟಕ್ಕ ಮಗ್ಗ ಚಾಲೂ ಆದವು. ಪಡಸಾಲ್ಯಾಗ ಬಾಳು ಕುರ್ಚಿ ಮ್ಯಾಲೆ ಕುಂತ. ಅಡಗಿಮನ್ಯಾಗ ರೊಟ್ಟಿ ಬಡಿಯಾಕತ್ತಿದ್ದ ಸಾವಕ್ಕಗ ಪರದಿ ಸರಿಯಾಗಿ ಕಾಣತಿತ್ತು. ಹತ್ತೂವರಿ ಆತು, ಎರಡಾತು, ನಾಕೂವರಿ ಆತು. ನಡಕ ಒಮ್ಮೆ ಪದ್ಮವ್ವ ಒಳಗ ಬಂದು, ಒಂದ ಮಾತ ಅಂದಬಿಡ ಬೇ, ಏನ ಹೋಕ್ಕೈತಿ ಅಂದ್ಲು. ಆಕಿ ದನ್ಯಾಗ ಈ ಸಲ ಚುಚ್ಚ ಇರಲಿಲ್ಲ, ತಮ್ಮನ ಬೆವತ ಮುಖ ನೋಡಿ ಆಕಿಗೂ ಕಳವಳ ಆಗಿತ್ತು. ಸಾವಕ್ಕ ಹಂಚಿನ ಮ್ಯಾಲಿನ ರೊಟ್ಟಿ ಹೊಳ್ಳಿ ಹಾಕಿದ್ಲು.

ಸಂಜಿತನ ಮಷೀನ್ ಒಮ್ಮಿನೂ ಸಾಯಲಿಲ್ಲ. ಬಾಳೂನ ಮುಂದಿನ ಪರದಿ ಮ್ಯಾಲೆ ಬರೇ ಚೌಕ ಇದ್ದವು, ಒಂದ ಹೂವೂ ಇರಲಿಲ್ಲ.