ಒಂದು ಸಲವೂ ಕೆಡಬಾರದ ಮೆಷಿನ್ನು

ನಮ್ಮ ಮನೆಯಲ್ಲಿ ವಾಷಿಂಗ್ ಮೆಷಿನ್ ಕೊಳ್ಳುವ ಮಾತು ಎದ್ದಾಗ ಅತ್ತೆ ಒಂದೇ ಒಂದು ಷರತ್ತು ಹಾಕಿದರು.

"ತನ್ನಿ, ಬೇಡ ಅನ್ನಲ್ಲ. ಆದ್ರೆ ಒಂದೇ ಒಂದು ಸಲ ಅದು ಕೆಟ್ಟು ನಿಂತ್ರೂ ನಾನು ಮತ್ತೆ ಬಕೆಟ್ ಮುಂದೆ ಕೂರೋಳೇ. ಆಮೇಲೆ ನನ್ನನ್ನ ಎಬ್ಬಿಸೋಕೆ ಯಾರೂ ಬರಬಾರದು."

ಅವರ ಬಲಗೈ ಮಣಿಕಟ್ಟಿಗೆ ಆಗಷ್ಟೇ ಆಪರೇಷನ್ ಆಗಿತ್ತು. ಒಳಗೆ ನರ ಸಿಕ್ಕಿಹಾಕಿಕೊಂಡು, ಬೆರಳು ಜೋಮು ಹಿಡಿದು, ಲೋಟ ಎತ್ತಿದರೆ ಲೋಟ ಜಾರುತ್ತಿತ್ತು. ಹೊಲಿಗೆ ಬಿಚ್ಚಿದ ದಿನ ಡಾಕ್ಟರು ನನ್ನನ್ನೂ ಒಳಗೆ ಕರೆದು, ಇನ್ನು ಈ ಕೈ ಬಟ್ಟೆ ಉಜ್ಜಬಾರದು, ಹಿಂಡಬಾರದು, ಮತ್ತೊಮ್ಮೆ ಕೆಟ್ಟರೆ ಬೆರಳು ಮರಳಿ ಬರುವುದಿಲ್ಲ ಎಂದು ಬಿಡಿಸಿ ಹೇಳಿದ್ದರು. ಅತ್ತೆ ಆಗಲಿ ಆಗಲಿ ಎಂದು ತಲೆಯಾಡಿಸಿ ಮನೆಗೆ ಬಂದರು. ಮಾರನೇ ಬೆಳಗ್ಗೆ ಎಡಗೈಯಲ್ಲಿ ಒಗೆಯುತ್ತಾ ಕೂತಿದ್ದರು.

ಗಂಡ ತೀರಿಕೊಂಡ ಮೇಲೆ ಲಾಡ್ಜೊಂದರ ಹೊದಿಕೆ, ದಿಂಬಿನ ಕವರು ಒಗೆದು ಮಗನನ್ನು ಸಾಕಿದ ಹೆಂಗಸು ಅವರು. ಒಗೆಯುವುದು ಅವರ ಕೆಲಸವಲ್ಲ, ಅವರ ಹಟ. ನಾನು ಒಗೆದು ಒಣಹಾಕಿದ ಬಟ್ಟೆ ಅವರ ಕಣ್ಣಿಗೆ ಬಟ್ಟೆಯೇ ಅಲ್ಲ. ತುಟಿ ಪಿಟಕ್ಕೆನ್ನದೆ ಹಗ್ಗದಿಂದ ಎಳೆದು, ಮತ್ತೆ ಒದ್ದೆ ಮಾಡಿ, ಮತ್ತೆ ಉಜ್ಜುತ್ತಿದ್ದರು. ಸೋಪು ಬಚ್ಚಿಟ್ಟೆ. ಬಟ್ಟೆ ಸೋಪು ಸಿಗದಿದ್ದರೆ ಮೈ ಸೋಪಿನಲ್ಲಿ ಒಗೆದರು. ಮದುವೆಯಾಗಿ ಬಂದ ಮೇಲೆ ಆ ಎರಡು ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದನ್ನು ನಾನು ಒಮ್ಮೆಯೂ ಕಂಡಿರಲಿಲ್ಲ.

ಹಾಗಾಗಿ ನಮಗೆ ಬೇಕಾಗಿದ್ದದ್ದು ಒಳ್ಳೆಯ ಮೆಷಿನ್ನಲ್ಲ, ಒಂದು ಸಲವೂ ಕೆಡದ ಮೆಷಿನ್ನು. ಕೈಯಲ್ಲಿದ್ದದ್ದೋ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಟ್ಟ ಅಷ್ಟಿಷ್ಟು. ನಾನು ಟೈಲರ್. ತಪ್ಪಿ ಕತ್ತರಿಸಿದರೆ ತೇಪೆ ಹಾಕಲು ಹೆಚ್ಚುವರಿ ಬಟ್ಟೆ ಇಲ್ಲದಾಗ ಕತ್ತರಿ ಹಾಕುವ ಮೊದಲು ಎಷ್ಟು ಸಲ ಅಳೆಯಬೇಕೆಂದು ನನಗೆ ಗೊತ್ತು.

ನನ್ನ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಎಂಜಿನ್ನನ್ನೇ ಬಿಚ್ಚಿ ಜೋಡಿಸುವ ತನಗೆ ಇದೊಂದು ಲೆಕ್ಕವೇ ಎಂದು ಅವರ ಧಿಮಾಕು. ನಾವಿಬ್ಬರೂ ಅಂಗಡಿಗೆ ಹೋದರೆ ಎತ್ತು ಏರಿಗೆ, ಕೋಣ ನೀರಿಗೆ. ಅವರು ಸೀದಾ ಹೋಗಿ ದೀಪ ಮಿನುಗುವ ಒಂದರ ಮುಂದೆ ನಿಂತರು.

"ಹದಿನಾರು ಪ್ರೋಗ್ರಾಂ ಇದೆ ಕಣೇ. ಉಣ್ಣೆಗೊಂದು, ರೇಷ್ಮೆಗೊಂದು, ಮಗು ಬಟ್ಟೆಗೊಂದು..."

"ನಮ್ಮನೇಲಿ ಕೊಳೆ ಎರಡೇ ತರದ್ದು ರೀ. ನಿಮ್ಮ ಗ್ರೀಸು, ನನ್ನ ಚಾಕ್ ಪುಡಿ. ಉಳಿದ ಹದಿನಾಲ್ಕಕ್ಕೆ ಕೊಳೆ ಎಲ್ಲಿಂದ ತರೋಣ?"

ಅಂಗಡಿಯ ಸೇಲ್ಸ್‌ಮನ್ ನಕ್ಕ. ಗಂಡ ನಗಲಿಲ್ಲ. ಆ ದಿನ ಬರಿಗೈಯಲ್ಲಿ ವಾಪಸ್ ಬಂದೆವು.

ಮುಂದಿನ ವಿಚಾರಣೆಯನ್ನು ನಾನೇ ವಹಿಸಿಕೊಂಡೆ. ನನ್ನ ಅಂಗಡಿಗೆ ಜಿಪ್ ಹಾಕಿಸಲು, ಅಂಚು ಮಡಿಸಲು ಬರುವವರನ್ನೆಲ್ಲ ಹಿಡಿದು ನಿಲ್ಲಿಸಿ ಕೇಳತೊಡಗಿದೆ. ಯಾವುದು ಚೆನ್ನಾಗಿದೆ ಎಂದು ಕೇಳಲಿಲ್ಲ. ದುಡ್ಡು ಕೊಟ್ಟವರೆಲ್ಲ ತಮ್ಮದೇ ಚೆನ್ನ ಅನ್ನುತ್ತಾರೆ, ತಮ್ಮ ಮಕ್ಕಳ ವಿಷಯದಲ್ಲಿ ಹೇಳುವ ಹಾಗೆ. ನಿಮ್ಮನೇದು ಯಾವಾಗ ಕೆಟ್ಟಿತು, ಏನು ಹೋಗಿತ್ತು, ಕರೆದರೆ ಯಾರಾದರೂ ಬಂದರಾ ಎಂದು ಕೇಳಿದೆ. ಸೊಂಟದ ಅಳತೆ ಕೊಡಲು ಬಂದವರು ಮನೆಯ ಗೋಳೆಲ್ಲ ಹೇಳಿಹೋದರು. ದೀಪ ಹೆಚ್ಚಿದ್ದ ಮೆಷಿನ್ನುಗಳು ಕರೆಂಟ್ ಏರಿಳಿದಾಗ ಬೇಗ ಸತ್ತಿದ್ದವು. ಹಳೆಯದನ್ನು ಅಗ್ಗಕ್ಕೆ ಕೊಂಡ ಬೇಕರಿಯವನಿಗೆ ರಿಪೇರಿಯೇ ಕೊಂಡದ್ದಕ್ಕಿಂತ ಹೆಚ್ಚಾಗಿ, ಮೂಗಿಗಿಂತ ಮೂಗುತಿ ಭಾರವಾಗಿತ್ತು. ಎರಡು ತೊಟ್ಟಿಯ ಅಗ್ಗದ ಮೆಷಿನ್ ಗಟ್ಟಿ ಎಂದು ಹಲವರು ಹೇಳಿದರು, ನಿಜವೂ ಇರಬಹುದು. ಆದರೆ ಅದರಲ್ಲಿ ಒಗೆದ ಬಟ್ಟೆಯನ್ನು ನೀರು ಸಮೇತ ಎತ್ತಿ ಪಕ್ಕದ ತೊಟ್ಟಿಗೆ ಹಾಕಬೇಕು. ನೆನೆದ ಡಿಪೋ ಯೂನಿಫಾರ್ಮು ಎತ್ತುವುದೂ ಒಂದೇ, ಹಿಂಡುವುದೂ ಒಂದೇ. ಅದನ್ನು ಬಿಟ್ಟೆ.

ಕೊನೆಗೆ ಉಳಿದದ್ದು ಮೇಲೆ ಮುಚ್ಚಳವಿರುವ, ಎರಡು ತಿರುಗುಗುಂಡಿ ಬಿಟ್ಟರೆ ಮತ್ತೇನೂ ಇಲ್ಲದ ಒಂದು ಬಡ ಮಾದರಿ. ಅದರ ಸರ್ವಿಸ್ ಸೆಂಟರ್ ನಮ್ಮ ಮುಂದಿನ ಬೀದಿಯಲ್ಲೇ ಇತ್ತು. ಮತ್ತೆ ಅಂಗಡಿಗೆ ಹೋಗಿ, ಇದರ ಹಿಂಭಾಗ ತೋರಿಸಿ ಎಂದೆ.

"ಹಿಂಭಾಗಾನಾ? ಯಾರೂ ಕೇಳಲ್ಲ ಮೇಡಂ."

"ನಾನು ಬಟ್ಟೆ ಕೊಂಡ್ರೂ ಒಳಮಗ್ಗುಲೇ ನೋಡೋದು. ಹೊರಗಡೆ ಎಲ್ಲರೂ ಚೆನ್ನಾಗೇ ಹೊಲೀತಾರೆ."

ಸೇಲ್ಸ್‌ಮನ್ ಬೆವರು ಸುರಿಸಿ ತಿರುಗಿಸಿದ. ತಗಡಿನ ಅಂಚು ನೀಟಾಗಿ ಮಡಿಸಿದ್ದರು, ಸ್ಕ್ರೂ ಒಂದೂ ಓರೆಯಾಗಿರಲಿಲ್ಲ. ನನಗೆ ಸಮಾಧಾನವಾಯಿತು, ಆದರೆ ಬೆಲೆ ಇನ್ನೂ ಸ್ವಲ್ಪ ಮೇಲಿತ್ತು. ಆಗ ಅವನೇ, ಲಾರಿಯಿಂದ ಇಳಿಸುವಾಗ ಪಕ್ಕ ನೆಗ್ಗಿದ ಅದೇ ಮಾದರಿಯದೊಂದು ಗೋದಾಮಿನಲ್ಲಿದೆ, ಕಡಿಮೆಗೆ ಕೊಡುತ್ತೇವೆ ಎಂದ. ಗ್ಯಾರಂಟಿ ಅಷ್ಟೇ ಇದೆಯಾ ಎಂದು ಕೇಳಿದೆ. ಅಷ್ಟೇ ಇತ್ತು, ಎರಡು ವರ್ಷ. ನೆಗ್ಗಿದ ಮಗ್ಗುಲನ್ನು ಗೋಡೆ ಕಡೆಗೆ ತಿರುಗಿಸಿದರೆ ಮುಗಿಯಿತು. ಟೈಲರ್ ಕಸುಬಿನ ಅರ್ಧ ಭಾಗ ಅದೇ ತಾನೇ.

ಅದು ಮನೆಗೆ ಬರುವ ಮೊದಲೇ ನಾನು ಉಳಿದ ತುಂಡುಗಳನ್ನು ಜೋಡಿಸಿ ಒಂದು ಕವರ್ ಹೊಲಿದಿಟ್ಟಿದ್ದೆ. "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಯೋದು ಅಂದ್ರೆ ಇದೇ ನೋಡು" ಎಂದು ಅತ್ತೆ ನಕ್ಕರು. ಮೆಷಿನ್ನು ಬಂದ ದಿನ ನಗುತ್ತಲೇ ಅದನ್ನು ಹೊದಿಸಿ, ಮೂಲೆ ಸರಿಮಾಡಿದರು. ಮೆಷಿನ್ನು ಗುರುಗುಟ್ಟುತ್ತಾ ತಿರುಗಿತು, ಬಟ್ಟೆ ಬೆಳ್ಳಗಾಗಿ ಹೊರಬಂತು, ಅತ್ತೆ ಒಂದನ್ನೂ ಮತ್ತೆ ಒಗೆಯಲಿಲ್ಲ. ನಾನು ಗೆದ್ದೆನೆಂದುಕೊಂಡೆ. ಒಂದೇ ಒಂದು ಕೊರಗೆಂದರೆ, ಅವರ ಬೆರಳಿನ ಜೋಮು ಮಾತ್ರ ಇಳಿಯುತ್ತಿರಲಿಲ್ಲ. ನಿಧಾನವಾಗಿ ಇಳಿಯಬಹುದು ಎಂದು ಕಾದೆ.

ಒಂದು ದಿನ ಅಳತೆ ಟೇಪು ಮರೆತು ಅಂಗಡಿಯ ಕೆಲಸದ ನಡುವೆಯೇ ಮನೆಗೆ ಬಂದೆ. ಮೆಷಿನ್ನು ನೀರು ಬಿಡುತ್ತಿತ್ತು. ಬಚ್ಚಲಿಗೆ ಇಳಿಬಿಟ್ಟ ಪೈಪಿನಿಂದ ಬರುತ್ತಿದ್ದ ನೀರು ನೋಡಿ ಅಲ್ಲೇ ನಿಂತೆ. ಅಂದು ಒಳಗಿದ್ದದ್ದು ಡಿಪೋ ಯೂನಿಫಾರ್ಮು. ಕಪ್ಪಗೆ ಬರಬೇಕಾದ ನೀರು ಕುಡಿಯುವ ಹಾಗಿತ್ತು.

"ಅತ್ತೆ, ಇದೇನು ನೀರು ಇಷ್ಟು ತಿಳಿಯಾಗಿದೆ?"

"ಒಳ್ಳೇ ಮೆಷಿನ್ನು ಕಣೇ. ಅದಕ್ಕೇ."

ಬಾಗಿಲ ಹಿಂದೆ ನೋಡಿದೆ. ಬಕೆಟ್ ಒದ್ದೆಯಾಗಿತ್ತು. ಬ್ರಷ್ಷಿನ ತುದಿಯಲ್ಲಿ ಇನ್ನೂ ಗ್ರೀಸು ಅಂಟಿಕೊಂಡಿತ್ತು. ಅತ್ತೆ ಬಲಗೈಯನ್ನು ಸೆರಗಿನಡಿ ಎಳೆದುಕೊಂಡರು. ಹಿಡಿದು ಹೊರತೆಗೆದೆ. ಮಣಿಕಟ್ಟು ಊದಿತ್ತು. ನನಗೆ ಪಿತ್ತ ನೆತ್ತಿಗೇರಿತು.

"ಮೊದಲು ನೀವು ಒಗೆದು, ಆಮೇಲೆ ಅದರಲ್ಲಿ ಹಾಕ್ತಿದ್ದೀರಾ? ಇಷ್ಟು ದಿನವೂ? ಹಾಗಾದ್ರೆ ಇದನ್ನ ಯಾಕೆ ತಂದ್ವಿ ಅತ್ತೆ, ಆಟ ಆಡೋಕಾ?"

"ಕಿರಚಬೇಡ. ಗ್ರೀಸ್ ಬಟ್ಟೆ ಹಾಗೇ ಹಾಕಿದ್ರೆ ಅದಕ್ಕೆಷ್ಟು ಕಷ್ಟ! ಕಾಲರ್ ಒಂಚೂರು, ತೋಳು ಒಂಚೂರು ಉಜ್ಜಿ ಕೊಡ್ತೀನಿ, ಅಷ್ಟೇ. ನೀವಿಬ್ರೂ ಎಷ್ಟು ಕಷ್ಟಪಟ್ಟು ತಂದಿದ್ದೀರ ಅಂತ ನನಗೆ ಗೊತ್ತಿಲ್ವಾ? ಅದು ಕೆಟ್ರೆ ಇನ್ನೊಂದು ತರೋಕಾಗುತ್ತಾ?"

"ಕೈ ಕೆಟ್ರೆ?"

"ಈ ಕೈಗೆ ಯಾರೂ ದುಡ್ಡು ಕೊಟ್ಟು ತಂದಿಲ್ವಲ್ಲ ಮಗಳೇ."

ಅವರು ಅದನ್ನು ನೋವಿನಿಂದ ಹೇಳಲಿಲ್ಲ, ಉಪ್ಪು ಮುಗಿದಿದೆ ಎಂದು ಹೇಳುವಂತೆ ಹೇಳಿದರು. ಅದಕ್ಕೇ ನನಗೆ ಅಳು ಬಂತು. ಬೈಯಬೇಕೆಂದು ತೆರೆದ ಬಾಯಲ್ಲೇ ನಾನು ಅತ್ತುಬಿಟ್ಟೆ. ನನ್ನ ನಾಲಿಗೆ ಕತ್ತರಿಗಿಂತ ಹರಿತ ಎಂದು ಊರಿಗೆಲ್ಲ ಹೇಳುವ ಅವರೇ ಗಾಬರಿಯಾಗಿ ನನ್ನ ಬೆನ್ನು ಸವರಿದರು, ಅದೂ ಅದೇ ಊದಿದ ಕೈಯಲ್ಲಿ.

ಅಳು ನಿಂತ ಮೇಲೆ ತಲೆ ಓಡಿತು. ಪ್ರೀತಿಗೆ ಬಗ್ಗದವರು ಉಳಿತಾಯಕ್ಕೆ ಬಗ್ಗುತ್ತಾರೆ. ಗ್ಯಾರಂಟಿ ಕಾರ್ಡು ತಂದು ಅವರ ಮುಂದಿಟ್ಟೆ.

"ನೋಡಿ ಅತ್ತೆ. ಎರಡು ವರ್ಷದೊಳಗೆ ಇದು ಕೆಟ್ರೆ ಅವರೇ ಬಂದು ಪುಕ್ಕಟೆ ಸರಿಮಾಡ್ತಾರೆ. ಎರಡು ವರ್ಷ ಕಳೆದ ಮೇಲೆ ಕೆಟ್ರೆ ನಮ್ಮ ಕೈಯಿಂದ ಹೋಗುತ್ತೆ."

ಅತ್ತೆ ಹುಬ್ಬು ಗಂಟಿಕ್ಕಿದರು. "ಅಂದ್ರೆ ಈಗ ಕೆಟ್ರೆ ಏನೂ ಕೊಡೋ ಹಾಗಿಲ್ಲ?"

"ಒಂದು ಕಾಸೂ ಇಲ್ಲ."

"ಮೈಗಳ್ಳತನ ಇದ್ರೆ ಈಗ್ಲೇ ಗೊತ್ತಾಗಬೇಕು ಅನ್ನು."

"ಅದೇ ನಾನು ಹೇಳ್ತಿರೋದು. ನೀವು ಅದನ್ನ ಹೊಸ ಅಳಿಯನ ತರ ನೋಡ್ಕೊಂಡ್ರೆ ಅದರ ಬಣ್ಣ ಬಯಲಾಗೋದು ಯಾವಾಗ? ಗ್ಯಾರಂಟಿ ಮುಗಿದ ಮಾರನೇ ದಿನ!"

ಅತ್ತೆ ಎದ್ದು ಹೋಗಿ ಬಾಗಿಲ ಕಾಲೊರಸು ತಂದು ಮೆಷಿನ್ನಿಗೆ ಹಾಕಿದರು. ಮರುದಿನ ಪರದೆಗಳು ಇಳಿದವು. ದಿಂಬಿನ ಕವರು, ದಿಂಬು, ನನ್ನ ಅಂಗಡಿಯ ಚಾಕ್ ಮೆತ್ತಿದ ಮೇಜುಬಟ್ಟೆ, ಗಂಡ ಎಸೆಯಬೇಕೆಂದಿದ್ದ ಹಳೇ ಯೂನಿಫಾರ್ಮು, ಯಾವುದನ್ನೂ ಬಿಡಲಿಲ್ಲ. ಮೇಲಿನ ಮನೆಯವರ ರಜಾಯಿಯನ್ನೂ ಕೇಳಿ ತಂದರು. ಮೆಷಿನ್ನಿಗೆ ನಾನು ಹೊಲಿದ ಕವರನ್ನೂ ಅದರೊಳಗೇ ಹಾಕಿ ಒಗೆಸಿದರು. ಪೈಪಿನಿಂದ ಡಾಂಬರಿನಂಥ ನೀರು ಬರುವಾಗ ಪಕ್ಕದಲ್ಲೇ ನಿಂತು, "ದುಡಿ, ದುಡಿ. ಎರಡು ವರ್ಷ ನಿನ್ನನ್ನ ಬಿಡೋಳಲ್ಲ ನಾನು" ಎನ್ನುತ್ತಿದ್ದರು. ಮಣಿಕಟ್ಟಿನ ಊತ ಇಳಿಯಿತು. ಲೋಟ ಜಾರುವುದು ನಿಂತಿತು.

ಆದರೆ ಅವರ ಷರತ್ತು ನನಗೆ ನೆನಪಿತ್ತು. ಒಂದೇ ಒಂದು ಸಲ ಕೆಟ್ಟರೂ ಬಕೆಟ್ ಮುಂದೆ ಕೂರೋಳೇ ಎಂದಿದ್ದರು. ಹೀಗೆ ದುಡಿಸಿದರೆ ಕೆಡದೇ ಇರುತ್ತದೆಯೇ? ಅದನ್ನು ಕೆಡಿಸಿ ನೋಡಿ ಎಂದು ಬುದ್ಧಿ ಹೇಳಿದವಳೂ ನಾನೇ.

ಕೆಟ್ಟೇಬಿಟ್ಟಿತು. ಕಾರಣ ಏನೆಂದು ನಂತರ ತಿಳಿಯಿತು. ಸರ್ವಿಸ್ ಸೆಂಟರಿನವನು ಬಂದು ನೀರು ಹೋಗುವ ಕಡೆ ಸಿಕ್ಕಿಕೊಂಡಿದ್ದ ಒಂದು ಶರ್ಟಿನ ಗುಂಡಿಯನ್ನು ಹೊರತೆಗೆದು, "ಇದನ್ನ ಹೊಲಿದ ಟೈಲರ್ ಯಾರಮ್ಮ? ದಾರ ಉಳಿಸಿದಾನೆ" ಎಂದ. ಆ ಟೈಲರ್ ಯಾರೆಂದು ಮನೆಯಲ್ಲಿ ಯಾರೂ ಬಾಯಿಬಿಡಲಿಲ್ಲ. ಅದಿರಲಿ, ನಾನು ಹೇಳಬೇಕಾಗಿರುವುದು ಅದರ ಹಿಂದಿನ ಸಂಜೆಯ ಮಾತು.

ಅಂಗಡಿ ಮುಚ್ಚಿ ಬಂದು ಬಾಗಿಲು ತೆಗೆದರೆ ಗುರುಗುರು ಸದ್ದಿಲ್ಲ. ಚಪ್ಪಲಿ ಬಿಡುವುದನ್ನೂ ಮರೆತು ಬಚ್ಚಲಿನ ಕಡೆ ಓಡಿದೆ. ಬಕೆಟ್ ಬೋರಲಾಗಿ ಇಟ್ಟಲ್ಲೇ ಇತ್ತು, ಒಣಗಿತ್ತು. ಮೆಷಿನ್ನಿನ ಮುಚ್ಚಳ ತೆರೆದಿತ್ತು. ಒಳಗೆ ಕಪ್ಪು ನೀರಿನಲ್ಲಿ ಯೂನಿಫಾರ್ಮುಗಳು ಮುಳುಗಿ ಕೂತಿದ್ದವು. ಅದರ ಎದುರಿಗೆ ಸ್ಟೂಲ್ ಹಾಕಿಕೊಂಡು ಅತ್ತೆ ಕೂತಿದ್ದರು. ಎರಡು ಕೈಗಳೂ ಮಡಿಲಲ್ಲಿದ್ದವು.

"ನಾನು ಮುಟ್ಟಿಲ್ಲ ಕಣೇ" ಎಂದರು. "ಕೈ ಮುಂದಕ್ಕೆ ಹೋಯ್ತು. ಮತ್ತೆ ಎಳ್ಕೊಂಡೆ. ಅದಕ್ಕೂ ಹುಷಾರಿಲ್ಲ, ನನಗೂ ಇಲ್ಲ. ಇಬ್ರೂ ಸುಮ್ನೆ ಕೂತಿದೀವಿ."

ಎಷ್ಟು ಹೊತ್ತಿನಿಂದ ಕೂತಿದ್ದರೋ ನಾನು ಕೇಳಲಿಲ್ಲ. ಸೋಪು ನೀರಿನಲ್ಲಿ ನೆನೆದ ಬಟ್ಟೆಯನ್ನು ಕಣ್ಣೆದುರು ಬಿಟ್ಟು ಕೂರುವುದು ಅವರಿಗೆ ಎಂಥ ಸಂಕಟವೆಂದು ನನಗೆ ಗೊತ್ತು. ಅವರ ಮೇಲೆ ಅಷ್ಟು ಪ್ರೀತಿ ನನಗೆ ಅದುವರೆಗೆ ಬಂದಿರಲಿಲ್ಲ. ಹಾಗೆಂದು ಹೇಳಿಯೂ ಬಿಟ್ಟೆ. "ಸಾಕು ನಾಟಕ, ಮೊದಲು ಬಟ್ಟೆ ನೋಡು" ಎಂದರು.

ಅಷ್ಟರಲ್ಲಿ ಗಂಡ ಬಂದರು. ವಿಷಯ ಕೇಳಿದ ಕೂಡಲೇ ಮುಖ ಅರಳಿ, ಸ್ಕ್ರೂಡ್ರೈವರ್ ತೆಗೆದರು.

"ಮುಟ್ಟಬೇಡ" ಎಂದು ಅತ್ತೆ ಗದರಿದರು. "ಅದಕ್ಕೆ ಗ್ಯಾರಂಟಿ ಇದೆ. ನೀನು ಬಿಚ್ಚಿದ್ರೆ ಅದೂ ಹೋಗುತ್ತೆ. ಬಟ್ಟೆ ಹಿಂಡು ಬಾ."

ನಾವಿಬ್ಬರೂ ಒಂದು ಯೂನಿಫಾರ್ಮನ್ನು ಎತ್ತಿ ಆ ತುದಿ ಅವರು, ಈ ತುದಿ ನಾನು ಹಿಡಿದೆವು. ಅವರು ಬಲಕ್ಕೆ ತಿರುಚಿದರು, ನಾನು ಎಡಕ್ಕೆ. ಬಟ್ಟೆ ನಡುವೆ ಸುಮ್ಮನೆ ಉರುಳಿತು, ಒಂದು ಹನಿಯೂ ಬೀಳಲಿಲ್ಲ.

"ಅಯ್ಯೋ, ಇಬ್ರೂ ಬಲಕ್ಕೇ ತಿರುಚ್ರೋ!" ಅತ್ತೆಗೆ ನಗು ತಡೆಯಲಾಗಲಿಲ್ಲ. "ಇಷ್ಟು ವರ್ಷ ಸಂಸಾರ ಮಾಡಿದೀರ, ಒಂದು ಬಟ್ಟೆ ಹಿಂಡೋಕೆ ಬರಲ್ವಾ?"

ಇಬ್ಬರೂ ಬಲಕ್ಕೆ ತಿರುಚಿದೆವು. ನೀರು ದಬದಬನೆ ನೆಲಕ್ಕೆ ಬಿತ್ತು. ಇನ್ನೂ ಬಿಗಿ, ಇನ್ನೊಂದು ಸುತ್ತು, ಕಾಲರ್ ಹತ್ತಿರ ಮೆಲ್ಲಗೆ ಎಂದು ಅತ್ತೆ ಸ್ಟೂಲಿನಿಂದಲೇ ಹೇಳುತ್ತಿದ್ದರು. ನಾವು ಹಿಂಡಿದ್ದು ಒಂದೂ ಅವರ ಮನಸ್ಸಿಗೆ ಬಂದಿರಲಾರದು. ಪ್ರತಿ ಸಲವೂ ಅವರ ಬೆರಳುಗಳು ಒಮ್ಮೆ ಮಿಡುಕುತ್ತಿದ್ದವು. ಆದರೂ ಕೊನೆಯ ಬಟ್ಟೆ ಹಗ್ಗಕ್ಕೆ ಏರುವವರೆಗೂ ಆ ಕೈಗಳು ಮಡಿಲಲ್ಲೇ ಇದ್ದವು.