ಮಾದಣ್ಣನ ಬಾಯಿ

"ಕಾಲು ಅಲ್ರೋ, ತಲಿ ಮೊದ್ಲ ತಿರುಗಸ್ರಿ!" ಎಂದು ಶೀತಲ ಕೂಗಿದಳು.

ಹೆಣ ಹೊತ್ತ ಜನಾಜಾದ ಡೋಲಿ ಓಣಿಯ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತ್ತು. ಪುಣೆಯ ಯೆರವಡಾದ ಈ ಓಣಿಯನ್ನು ಕಟ್ಟಿಕೊಂಡವರು ಕಲಬುರ್ಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಗಿಡ್ಡ ಜನ. ಆರಡಿ ಮೀರಿದ ಇರಾಣಿಯೊಬ್ಬ ತಮ್ಮ ನಡುವೆ ಬಾಳಿ ಇಲ್ಲಿಯೇ ಸಾಯುತ್ತಾನೆಂದು ಅವರೇನು ಕನಸು ಕಂಡಿದ್ದರೆ?

"ಸತ್ತ ಮ್ಯಾಲೂ ಬಾಗವಲ್ಲ ನೋಡು ಮಾದಣ್ಣ," ಎಂದ ಪಕ್ಕದ ಮನೆಯ ಬಾಬು, ಹೆಗಲು ಬದಲಿಸುತ್ತ.

"ಇದ್ದಾಗ ಬಾಗಿ ಬಾಗಿ ಸಾಕಾಗಿತ್ತಲೇ ಅವಗ. ಬಾಗಲಾ ಬಡದು ಬಡದು ಹಣಿ ಮ್ಯಾಲ ಗಂಟ ಆಗಿತ್ತು," ಎಂದು ಹಿಂದಿನಿಂದ ಒಬ್ಬ ಅಂದ.

ಹೊತ್ತವರು ನಕ್ಕರು. ಶೀತಲಳಿಗೂ ನಗು ಬಂತು. ಅದರ ಬೆನ್ನಿಗೇ ಸಿಟ್ಟೂ ಬಂತು. ತಿರುವಿನಾಚೆ ಕಪ್ಪು ಕನ್ನಡಕ ಹಾಕಿಕೊಂಡು ಕಾಮ್ರಾನ್ ನಿಂತಿದ್ದ. ಸತ್ತವನ ಅಣ್ಣನ ಮಗ, ಬೆಳಗ್ಗೆ ದುಬೈಯಿಂದ ಬಂದಿಳಿದವನು. ಅವನ ಪಕ್ಕದಲ್ಲಿ ಪುಣೆಯಲ್ಲಿ ಓದುವ ಇರಾಣಿ ಹುಡುಗಿಯೊಬ್ಬಳು ಎಲ್ಲವನ್ನೂ ಫೋನಿನಲ್ಲಿ ಹಿಡಿದು ತಮ್ಮ ದೇಶದ ಸುದ್ದಿಯವರಿಗೆ ಕಳಿಸುತ್ತಿದ್ದಳು. ಓಣಿಯ ಮಾದಣ್ಣ ಅಲ್ಲಿಯವರಿಗೆ ಮೆಹರ್‌ದಾದ್; ಆ ಹೆಸರಿನ ನಟ, ಬೆಟ್ಟದ ಕುರಿಗಾಹಿಗಳ ಹಾಡುಗಾರ, ತೀರಿಕೊಂಡನೆಂದು ಅಲ್ಲಿಯ ಜನ ನಿನ್ನೆಯಿಂದ ಅಳುತ್ತಿದ್ದಾರಂತೆ. ಇದ್ದಾಗ ಒಂದು ಫೋನು ಮಾಡಲಿಲ್ಲ, ಸತ್ತದ್ದೇ ತಡ ಎದೆ ಬಡಿದುಕೊಳ್ಳುತ್ತಿದ್ದಾರೆ.

ಮನೆಯ ಹೊಸ್ತಿಲಲ್ಲಿ ಶೀತಲಳ ಅವ್ವ, ಮಾದಣ್ಣನ ಜೊತೆ ಬಾಳಿದ ಚಂದಮ್ಮ ಕೂತಿದ್ದಳು. ಕೈತುಂಬ ಹಸಿರು ಬಳೆ ಹಾಗೆಯೇ ಇದ್ದವು. ಸುತ್ತ ನೆರೆದ ಹೆಂಗಸರಲ್ಲಿ ಹಿರಿಯಳಾದ ಮರೆಮ್ಮ ಮೆಲ್ಲಗೆ ಕೇಳಿದಳು, "ಬಳಿ ಒಡೀಬೇಕೋ ಬ್ಯಾಡೋ, ಚಂದವ್ವ?"

"ತವರಿನವ್ರು ಬಂದು ಸೀರಿ ಹೊದಿಸಲಿ. ಆಮ್ಯಾಲ ಒಡೀರಿ. ಅಲ್ಲೀತನ ಯಾರೂ ನನ್ನ ಕೈ ಮುಟ್ಟಬ್ಯಾಡ್ರಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಗಂಡ ಸತ್ತವಳಿಗೆ ತವರಿನವರು ಸೀರೆ ಹೊದಿಸಬೇಕು. ಹೊದಿಸಿದರೆ ಅವಳು ಹೆಂಡತಿ. ಹೊದಿಸದಿದ್ದರೆ ಇಟ್ಟುಕೊಂಡವಳು, ಅಷ್ಟೇ. ಚಂದಮ್ಮನ ತವರು ಅಂದರೆ ಎರಡು ಓಣಿ ಆಚೆಗಿರುವ ಅಣ್ಣ ಅವ್ವಣ್ಣ ಒಬ್ಬನೇ. ಅವನು ಮೂವತ್ತು ವರ್ಷದಿಂದ ಅವಳೊಡನೆ ಮಾತಾಡಿಲ್ಲ. ಬೆಳಗ್ಗೆ ಶೀತಲ ಹೋಗಿ ಕರೆದಾಗಲೂ ಬೀಡಿ ಆರಿಸದೆ, "ಯಾರ ತಂಗಿ? ಯಾರ ಗಂಡ?" ಎಂದಿದ್ದ.

"ಹೆಣದ ಮುಂದೂ ಹಟ ಏನು ಮಾಮಾ? ನಿನ್ನ ಹೆಣಾ ಹೊರಾಕ ಯಾರು ಬರ್ತಾರ ನೋಡ್ತೀನಿ," ಎಂದು ಉಗಿದು ಬಂದಿದ್ದಳು ಶೀತಲ.

ಕಾಮ್ರಾನ್ ಹೊಸ್ತಿಲ ಬಳಿ ಬಂದು ಚಂದಮ್ಮನತ್ತ ನೋಡಿ, "ಬಾಯಿ, ಥೋಡಾ ಪಾನೀ," ಎಂದ. ಚಂದಮ್ಮ ಧಡಕ್ಕನೆ ಎದ್ದು ತಂಬಿಗೆ ತೊಳೆದು ನೀರು ಕೊಟ್ಟಳು. ತಿರುವಿನಿಂದ ತಿರುಗಿ ಬಂದ ಮಗಳ ಕಿವಿಯಲ್ಲಿ, "ಬಾಯಿ ಅಂದ ನೋಡು. ಹುಡುಗಗ ಮರ್ಯಾದಿ ಗೊತ್ತದ," ಎಂದಳು.

ಕೋಥರೂಡದ ಅಪಾರ್ಟ್‌ಮೆಂಟುಗಳಲ್ಲಿ ಕಸ ಹೊಡೆಯುವ ಹೆಂಗಸರ ಮೇಲ್ವಿಚಾರಕಿ ಶೀತಲ. ಅಲ್ಲಿ ಬಾಯಿ ಅಂದರೆ ಮನೆಗೆಲಸದವಳು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವ್ವನ ಕೈಯಿಂದ ತಂಬಿಗೆ ಕಿತ್ತು ಒಳಗಿಟ್ಟಳು.

*

ತನ್ನ ನಾಡಿನಲ್ಲಿ ಮೆಹರ್‌ದಾದ್ ಹೀರೋ ಆಗಿದ್ದ. ಅಲ್ಲಿ ರಾಜ್ಯ ಬದಲಾಗಿ ಹಾಡುವವರ ಬಾಯಿಗೆ ಬೀಗ ಬಿದ್ದಾಗ ಹೆಂಡತಿಯನ್ನು ಅಲ್ಲೇ ಬಿಟ್ಟು, ಆರು ತಿಂಗಳಲ್ಲಿ ತಿರುಗಿ ಬರುತ್ತೇನೆಂದು ಹೇಳಿ ಪುಣೆಗೆ ಬಂದ. ಇಲ್ಲಿ ಅವನ ಬಿಳಿ ಮೈಬಣ್ಣ ನೋಡಿ ಸಿನಿಮಾದವರು ಕರೆದರು. ಕೊಟ್ಟದ್ದು ಒಂದೇ ಪಾತ್ರ, ಬ್ರಿಟಿಷ್ ಸಾಹೇಬನದು. ಕುದುರೆಯಿಂದ ಇಳಿದು ಬಡವನಿಗೆ ಚಾಟಿ ಬೀಸಬೇಕು, ಕೊನೆಗೆ ಹೀರೋ ಕೈಯಲ್ಲಿ ಒದೆ ತಿಂದು ಕೆಸರಿಗೆ ಬೀಳಬೇಕು. ಧ್ವನಿ ಕೂಡ ಅವನದಲ್ಲ, ಬೇರೆ ಯಾರೋ ಕೊಡುತ್ತಿದ್ದರು. ಬೀಳುತ್ತ ಬೀಳುತ್ತ ಸೊಂಟ ಹೋಯಿತು. ಪಾತ್ರ ನಿಂತವು. ಕ್ಯಾಂಪ್ ಎಂಬ ಬಡಾವಣೆಯ ಮನೆಬಾಡಿಗೆ ಕೊಡಲಾಗದೆ ಯೆರವಡಾದ ಈ ಓಣಿಗೆ ಬಂದು ಬಿದ್ದ.

ಚಂದಮ್ಮ ಹಗಲು ಇಟ್ಟಿಗೆ ಹೊರುತ್ತಿದ್ದಳು, ಸಂಜೆ ಗೀಗೀ ಪದ ಹಾಡುತ್ತಿದ್ದಳು. ಗಂಡ ಓಡಿಹೋಗಿದ್ದ. ಮಗಳು ಶೀತಲ ಇನ್ನೂ ಮಡಿಲ ಕೂಸು. ಹಾಡಿಗೆ ಒಂಟಿತಂತಿಯ ತುಂತುಣಿ ಹಿಡಿಯುವವನು ಅಣ್ಣ ಅವ್ವಣ್ಣ. ಒಂದು ಸಂಜೆ ದಪ್ಪು ಬಾರಿಸುವವನು ಕುಡಿದು ಬಿದ್ದಿದ್ದಾಗ ಈ ಉದ್ದನೆಯ ಬಿಳಿಯ ಬಾಗಿ ಒಳಗೆ ಬಂದ. ಮೂಲೆಯಲ್ಲಿದ್ದ ದಪ್ಪು ಎತ್ತಿಕೊಂಡು, ಒಲೆಗೆ ಹಿಡಿದು ಚರ್ಮ ಬಿಗಿಮಾಡಿ, ಹತ್ತೂ ಬೆರಳಲ್ಲಿ ಗುಡುಗಿಸಿದ.

"ದಫ್," ಎಂದ.

"ದಪ್ಪು," ಎಂದಳು ಚಂದಮ್ಮ.

"ದಫ್."

"ಏ, ನನ್ನ ಮನ್ಯಾಗ ನಿಂತು ನನಗ ಕಲಸ್ತೀಯಾ? ದಪ್ಪು ಅನ್ನು!"

"ದಪ್ಪು," ಎಂದ. ದಫ್ ದಪ್ಪು ಆದಂತೆ, ಅಂದಿನಿಂದ ಮೆಹರ್‌ದಾದ್ ಓಣಿಯವರ ಬಾಯಲ್ಲಿ ಮಾದಣ್ಣನಾದ.

ಧೋತರ ಉಟ್ಟು ರುಮಾಲು ಸುತ್ತಿ, ಪುಣೆಯ ಕನ್ನಡದವರ ಮದುವೆ, ತೊಟ್ಟಿಲು, ಬಸವ ಜಯಂತಿ ಎಲ್ಲದಕ್ಕೂ ಹೋದ. ಕರಪತ್ರದಲ್ಲಿ ದಪ್ಪ ಅಕ್ಷರದಲ್ಲಿ 'ಚಂದಾಬಾಯಿ ಗೀಗೀ ಮೇಳ' ಎಂದಿರುತ್ತಿತ್ತು, ಅವನ ಹೆಸರು ಎಲ್ಲಿಯೂ ಇರುತ್ತಿರಲಿಲ್ಲ. ಒಂದು ದೇಶವನ್ನೇ ಅಳುವಂತೆ ಮಾಡಿದ್ದ ಕಂಠ ಇಟ್ಟಿಗೆ ಹೊರುವವಳ ಹಿಂದೆ ನಿಂತು 'ಗಿಯ ಗಿಯ' ಎನ್ನುತ್ತಿತ್ತು. ಹಾಡುಗಾರನಾಗಿ ಹಿಮ್ಮೇಳದಲ್ಲಿ ಯಾಕೆ ನಿಂತೆ ಎಂದು ಕೇಳಿದವರಿಗೆ, "ಅಕಿ ಮುಂದ, ನಾ ಹಿಂದ. ಛಲೋ ಅದ," ಎನ್ನುತ್ತಿದ್ದ.

ಚಂದಮ್ಮ ತನ್ನ ಪಾತ್ರೆ ಪಡಗ ಅವನ ಖೋಲಿಗೆ ಸಾಗಿಸಿದ ದಿನ ಅವ್ವಣ್ಣ ತುಂತುಣಿಯ ತಂತಿ ಕಿತ್ತು ಅವಳ ಮುಂದೆ ಎಸೆದ. "ನನಗ ತಂಗಿ ಇಲ್ಲ," ಎಂದ.

*

ಕಬರಸ್ತಾನದ ಗೇಟಿನ ಹೊರಗೆ ಹೆಂಗಸರು ನಿಂತರು. ಅದಕ್ಕಿಂತ ಒಳಗೆ ಹೋಗುವಂತಿಲ್ಲ ಎಂದು ಮೌಲ್ವಿ ಸಮಾಧಾನದಿಂದಲೇ ಹೇಳಿದ್ದರು. ಡೋಲಿ ಗೇಟಿನ ಬಳಿ ಒಂದು ಗಳಿಗೆ ನಿಂತಿತು. ಚಂದಮ್ಮ ಅದರ ಅಂಚು ಹಿಡಿದುಕೊಂಡಳು. ಬಿಡಲಿಲ್ಲ.

ಆಗ ಅವ್ವಣ್ಣ ಬಂದ. ಬಗಲಲ್ಲಿ ಹಳೆಯ ಪೇಪರಿನಲ್ಲಿ ಸುತ್ತಿದ ಗಂಟು. ಯಾರ ಮುಖವನ್ನೂ ನೋಡದೆ ನೇರ ತಂಗಿಯ ಎದುರು ಬಂದು ನಿಂತ.

"ಬಂದೀ ಏನಣ್ಣ?"

"ಬಂದೀನವ್ವ. ತಡ ಆತು."

"ಭಾಳ ತಡ ಆತು," ಎಂದಳು ಚಂದಮ್ಮ.

ಅವನು ಗಂಟಿನ ಪೇಪರು ಹರಿದ. ಸೀರೆ ಬಿಚ್ಚಿ ಅವಳ ತಲೆಯ ಮೇಲೆ ಹೊದಿಸಿದ. ಹೆಂಗಸರು ಗೊಳೋ ಎಂದರು. ಮರೆಮ್ಮ ಕಲ್ಲು ಹುಡುಕಿ ತಂದಳು. ಗದ್ದಲ ಕಂಡು ಇರಾಣಿ ಹುಡುಗಿ ಫೋನು ಎತ್ತಿ ಹಿಡಿದು, ಚಂದಮ್ಮ ಯಾರೆಂದು ಅವ್ವಣ್ಣನನ್ನು ಕೇಳಿದಳು, "ಅಂಕಲ್, ಯೇ ಕೌನ್ ಹೈ?"

ಚಂದಮ್ಮ ಸೀರೆಯೊಳಗಿಂದ ಅಣ್ಣನ ಬಾಯಿಯನ್ನೇ ನೋಡಿದಳು.

ಅವ್ವಣ್ಣ ಗಂಟಲು ಸರಿಮಾಡಿಕೊಂಡ. ಬಾಯ್ಕೋ, ಅಂದರೆ ಮರಾಠಿಯಲ್ಲಿ ಹೆಂಡತಿ, ಎನ್ನಬೇಕಿತ್ತು. ಅರವತ್ತೆಂಟು ವರ್ಷದ ಮುದುಕನಿಗೆ ನಾಲ್ಕು ಜನರ ಎದುರು ತಂಗಿಯ ಬಗ್ಗೆ ಆ ಮಾತು ಆಡಲು ನಾಚಿಕೆ ಬಂತು. ಅರ್ಧ ಶಬ್ದ ಒಳಗೇ ಉಳಿಯಿತು.

"ಉನಕೀ ಬಾಯಿ," ಎಂದ. ಸಾಲದೆನಿಸಿ ಎದೆಯುಬ್ಬಿಸಿ ಮತ್ತೆ ಹೇಳಿದ: "ಮಾದಣ್ಣ ಕೀ ಬಾಯಿ ಹೈ! ತೀಸ್ ಸಾಲ್ ಸೇ!"

ಹುಡುಗಿ ತಲೆಯಾಡಿಸಿದಳು.

"ಬಾಯ್ಕೋ ಅನ್ನು ಮಾಮಾ! ಏ ಹುಡುಗೀ, ಬೀವೀ! ಬೀವೀ ಹೈ!" ಎಂದು ಶೀತಲ ನುಗ್ಗಿದಳು. ಅಷ್ಟರಲ್ಲಿ ಕಲ್ಲಿನ ಮೇಲೆ ಬಳೆ ಒಡೆದವು. ಅಳು ಎದ್ದಿತು. ಡೋಲಿ ಗೇಟು ದಾಟಿತು, ಹುಡುಗಿ ಅದನ್ನು ಫೋನಿನಲ್ಲಿ ಹಿಡಿಯಲು ಗೇಟಿನವರೆಗೂ ಓಡಿದಳು.

*

ಹೊತ್ತು ಮುಳುಗುವ ಮುನ್ನ ಹುಡುಗಿ ಕಳಿಸಿದ ಸುದ್ದಿ ಫಾರಸಿಯಲ್ಲಿ ಬಂತು. ಶೀತಲ ಅದನ್ನು ಫೋನಿನಲ್ಲೇ ಕನ್ನಡಕ್ಕೆ ತಿರುಗಿಸಿ ಓದಿದಳು. ತಪ್ಪುತಡಿ ಕನ್ನಡವಾದರೂ ಅರ್ಥ ಸ್ಪಷ್ಟವಿತ್ತು. ಪರದೇಶದಲ್ಲಿ ಒಂಟಿಯಾಗಿ, ತಾಯ್ನಾಡಿಗಾಗಿ ಹಂಬಲಿಸಿ ಸತ್ತ ಮಹಾ ಹಾಡುಗಾರ. ಕೆಳಗೆ ಅವ್ವನ ಫೋಟೋ. ಅದರಡಿಯಲ್ಲಿ: ಮೂವತ್ತು ವರ್ಷ ಸೇವೆ ಮಾಡಿದ ನಿಷ್ಠಾವಂತ ಮನೆಗೆಲಸದವಳು.

ಅವಳು ಓಣಿಯ ತುದಿಗೆ ಹೋಗಿ ಕಾಮ್ರಾನನಿಗೆ ಫೋನು ಮಾಡಿ ಹಿಂದಿಯಲ್ಲಿ ಬಾಯಿಗೆ ಬಂದಂತೆ ಬೈದಳು. ಅವನು ಕೊನೆಯವರೆಗೂ ಕೇಳಿಸಿಕೊಂಡ.

"ನಿಮ್ಮವರೇ ಹೇಳಿದ್ದು," ಎಂದ ಆಮೇಲೆ. "ಅವನ ಹೆಂಡತಿ, ನನ್ನ ಚಿಕ್ಕಮ್ಮ, ಅಲ್ಲಿ ಇನ್ನೂ ಇದ್ದಾಳೆ. ನಲವತ್ತೈದು ವರ್ಷ ಅವನ ದಾರಿ ಕಾದಿದ್ದಾಳೆ. ಇವತ್ತು ಅವಳಿಗೆ ಏನು ಹೇಳಲಿ ನಾನು? ನೀನೇ ಹೇಳು."

ಅವನೇ ಫೋನು ಇಟ್ಟ.

ತಿರುಗಿ ಬಂದಾಗ ಮನೆಯ ಮುಂದೆ ಹೆಂಗಸರು ಮುತ್ತಿದ್ದರು. ಮೂವತ್ತು ವರ್ಷದಲ್ಲಿ ಮೊದಲ ಸಲ ಅವ್ವಣ್ಣ ಆ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ.

"ನನ್ನ ಫೋಟೋ ಬಂದದಂತ, ತೋರಿಸು," ಎಂದು ಚಂದಮ್ಮ ಕೈ ಚಾಚಿದಳು.

ಶೀತಲ ಕನ್ನಡಕ್ಕೆ ತಿರುಗಿಸಿದ್ದನ್ನು ಅಳಿಸಿ, ಫಾರಸಿ ಬರಹವಷ್ಟೇ ಉಳಿದ ಫೋನು ಕೊಟ್ಟಳು.

"ಇಲ್ಲಿ ಕೆಳಗ ಏನೋ ಬರದಾರಲ್ಲ?"

"ನೀ ಮಾದಣ್ಣ ಬಾಬಾನ ಹೆಂಡ್ತಿ ಅಂತ ಬರದಾರವ್ವ."

"ನಾ ಹೇಳಿದ್ದು ಬರದಾರ!" ಎಂದ ಅವ್ವಣ್ಣ. ಅವನ ಕಣ್ಣು ತುಂಬಿದ್ದವು.

ಚಂದಮ್ಮನಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ. ಆದರೂ ಫೋನನ್ನು ಹೆಂಗಸರೆಲ್ಲರಿಗೂ ಕಾಣುವಂತೆ ಹಿಡಿದು, ಬಲದಿಂದ ಎಡಕ್ಕೆ ಬರೆದ ಆ ಸಾಲಿನ ಮೇಲೆ ಎಡದಿಂದ ಬಲಕ್ಕೆ ಮೆಲ್ಲಗೆ ಬೆರಳಾಡಿಸುತ್ತ ಗಟ್ಟಿಯಾಗಿ ಓದಿದಳು: "ಚಂದಮ್ಮ... ಮಾದಣ್ಣನ... ಹೆಂಡತಿ."